ನಿಮ್ಮವ್ವನ್ನ ಕೇಳು

ಒಂದೇ ಒಂದು ಪದಕ್ಕೆ ಮೂರು ದಿನ ಒದ್ದಾಡಿದೆ. ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ 'ಆಸ್ಕ್ ಯುವರ್ ಮಾಮಾ' ಅಂತ 1961ರ ಒಂದು ನೀಳ್ಗವಿತೆ ಇದೆ. ಅದರಲ್ಲಿ 'ಇನ್ ದ ಕ್ವಾರ್ಟರ್ ಆಫ್ ದ ನೀಗ್ರೋಸ್' ಅನ್ನುವ ಸಾಲು ಮತ್ತೆ ಮತ್ತೆ ಬರುತ್ತದೆ. ನನಗೋಸ್ಕರ ಸುಮ್ನೆ ಕನ್ನಡಕ್ಕೆ ತರುತ್ತಾ ಕೂತಿದ್ದೆ. ಸಿಕ್ಕಿಬಿದ್ದಿದ್ದು 'ಕ್ವಾರ್ಟರ್'ನಲ್ಲಿ, ಅಂದರೆ ಒಂದು ಜನ ಒಟ್ಟಾಗಿ ಇರುವ ಜಾಗ. 'ಬಡಾವಣೆ' ಅಂತ ಬರೆದೆ, ಸಪ್ಪೆ. 'ವಠಾರ', ಅದೂ ಅಲ್ಲ. ಕೊನೆಗೆ 'ಕೇರಿ' ಅಂತ ಬರೆದೆ ನೋಡಿ, ಮೈ ಜುಂ ಅಂದಿತು. ಊರವರು ದೂರ ಇಟ್ಟ ಜನ, ಅವರದೇ ಹಾಡು, ಅವರದೇ ಸಿಟ್ಟು, ಎಲ್ಲಾ ಆ ಎರಡು ಅಕ್ಷರದಲ್ಲಿ ಬಂದು ಕೂತವು.

ಹ್ಯೂಸ್ ಇದನ್ನು ಶುರು ಮಾಡಿದ್ದು 1960ರಲ್ಲಿ ಅಮೆರಿಕದ ನ್ಯೂಪೋರ್ಟ್ ಊರಿನ ಜಾಝ್ ಉತ್ಸವದ ಹೊತ್ತಿಗೆ. ಆ ವರ್ಷ ದೊಡ್ಡ ಗಲಾಟೆಯಾಗಿ ಉತ್ಸವವನ್ನೇ ಅರ್ಧಕ್ಕೆ ನಿಲ್ಲಿಸಿದರು. ಕಪ್ಪು ಜನರ ಸಂಗೀತವಾದ ಜಾಝ್, ಬ್ಲೂಸ್ ಹ್ಯೂಸ್ ಅವರಿಗೆ ಹೊಸದೇನಲ್ಲ. ಅವರ ಮೊದಲ ಕವನ ಸಂಕಲನ 'ದ ವೇರಿ ಬ್ಲೂಸ್' ಬಂದಿದ್ದು 1926ರಲ್ಲೇ. 1958ರಲ್ಲಿ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಜೊತೆ ಪದ್ಯ ಓದಿ ರೆಕಾರ್ಡೂ ಮಾಡಿದ್ದರು. ಆದರೆ ಈ ಪುಸ್ತಕದ ಪುಟವನ್ನು ಕಣ್ಣಾರೆ ನೋಡಬೇಕು. ಎಡಗಡೆ ಪದ್ಯ, ಎಲ್ಲಾ ಕ್ಯಾಪಿಟಲ್ ಅಕ್ಷರದಲ್ಲಿ. ಬಲಗಡೆ ಅಂಚಿನಲ್ಲಿ ವಾದ್ಯದವರಿಗೆ ಸೂಚನೆ: ಇಲ್ಲಿ ಡ್ರಮ್, ಇಲ್ಲಿ ಕೊಳಲು, ಇಲ್ಲಿ ಬ್ಲೂಸ್. ಕೆಲವು ಕಡೆ 'ಟ್ಯಾಸಿಟ್' ಅಂತ ಇದೆ, ಅಂದರೆ ವಾದ್ಯ ಸುಮ್ಮನಿರಬೇಕು, ಮಾತೊಂದೇ ಕೇಳಬೇಕು.

ಪದ್ಯಕ್ಕೆ ರಾಜಕೀಯ ಬಂದರೆ ಅದು ಘೋಷಣೆ ಆಗಿಬಿಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಘೋಷಣೆ ಎಷ್ಟು ಸಲ ಕೂಗಿದರೂ ಅದೇ ಆಗಿರುತ್ತದೆ. ಜಾಝ್‌ನಲ್ಲಿ ಹಾಗಲ್ಲ, ಒಂದು ಧಾಟಿಯನ್ನು ಎಲ್ಲರೂ ಸೇರಿ ಒಮ್ಮೆ ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೂ ಅದನ್ನು ಎತ್ತಿಕೊಂಡು ಎಲ್ಲೆಲ್ಲಿಗೋ ಹೋಗಿ ವಾಪಸ್ ಬರುತ್ತಾರೆ, ಬಂದಾಗ ಧಾಟಿ ಅದೇ, ಆದರೆ ಕೇಳುವ ನಮ್ಮ ಕಿವಿ ಬದಲಾಗಿರುತ್ತದೆ. ಹ್ಯೂಸ್ ಅವರ 'ಕೇರಿ'ಯೂ ಹಾಗೇ. ಒಂದು ಕಡೆ ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಮತ್ತು ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಒಂದೇ ಸಾಲಿನಲ್ಲಿ ಪಕ್ಕಪಕ್ಕ ನಿಂತಿದ್ದಾರೆ, ಹಿಂದೆಯೇ ಪೆಪ್ಸಿ-ಕೋಲಾ. ಲುಮುಂಬಾರನ್ನು ಕೊಂದಿದ್ದು ಇದೇ 1961ರ ಜನವರಿಯಲ್ಲಿ. ಆ ಹೆಸರು ಕೇಳಿದ ಮೇಲೆ ಕೇರಿಯ ಸಾಲು ಮತ್ತೆ ಬಂದರೆ ಅದು ಬರೀ ನ್ಯೂಯಾರ್ಕಿನ ಕಪ್ಪು ಜನರ ಹಾರ್ಲೆಮ್ ಆಗಿ ಉಳಿಯುವುದಿಲ್ಲ, ಅಲ್ವಾ?

ಇನ್ನು ಹೆಸರಿನ ವಿಷಯ. ಕಪ್ಪು ಹುಡುಗರು ಬೀದಿಯಲ್ಲಿ ಆಡುವ 'ಡಜನ್ಸ್' ಅನ್ನುವ ಬೈಗುಳದ ಆಟವಿದೆ. ಒಬ್ಬರ ತಾಯಿಯನ್ನು ಇನ್ನೊಬ್ಬರು ಆಡಿಕೊಳ್ಳುತ್ತಾರೆ, ಸಿಟ್ಟು ನೆತ್ತಿಗೇರಿದವನು ಸೋತ. ಪದ್ಯದಲ್ಲಿ ಬಿಳಿಯರ ಬಡಾವಣೆಗೆ ಮನೆ ಮಾಡಿಕೊಂಡು ಹೋದ ಕಪ್ಪು ಮನುಷ್ಯನನ್ನು ಕ್ರಿಸ್‌ಮಸ್ ಹೊತ್ತಿನಲ್ಲೇ ಕೇಳುತ್ತಾರೆ: ನಿನ್ನ ಕಪ್ಪು ನಮಗೂ ಮೆತ್ತಿಕೊಳ್ಳುತ್ತಾ? ಅವನ ಉತ್ತರ: ನಿಮ್ಮವ್ವನ್ನ ಕೇಳು. ಮುಟ್ಟಿದರೆ ಮೈಲಿಗೆ ಅನ್ನುವುದನ್ನು ಕಂಡ ನಮಗೆ ಈ ಪ್ರಶ್ನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ವರ್ಷದ ದಾಸ್ಯ, ಆ ಮನೆಗಳಲ್ಲಿ ಬೆರೆತ ರಕ್ತ, ಬಿಳಿ ಮಕ್ಕಳನ್ನು ಸಾಕಿದ ಕಪ್ಪು ತಾಯಂದಿರು, ಅಷ್ಟೂ ಆ ಎರಡು ಪದದಲ್ಲಿದೆ. ಭಾಷಣದಲ್ಲಿ ಇದಕ್ಕೆ ಅರ್ಧ ಗಂಟೆ ಬೇಕು.

ಇದು ಇಷ್ಟವಾದರೆ ಬ್ಯಾಂಡ್ ಜೊತೆ ಪದ್ಯ ಓದುತ್ತಿದ್ದ ಅಮೆರಿಕದ ಕಪ್ಪು ಕವಯಿತ್ರಿ ಜೇನ್ ಕೊರ್ಟೆಜ್ ಅವರನ್ನೂ ಕೇಳಿ. ಓದುವುದಲ್ಲ, ಮೊದಲು ಕೇಳಿ. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ 'ಎ ಡ್ರಮ್ ಈಸ್ ಎ ವುಮನ್' ಅಂತ ಆಲ್ಬಮ್ ಮಾಡಿದ್ದರು. ಕೊರ್ಟೆಜ್ ಆ ಮಾತನ್ನೇ ಹಿಡಿದುಕೊಂಡು ಪದ್ಯದುದ್ದಕ್ಕೂ ಕೇಳುತ್ತಾರೆ, ಡ್ರಮ್ ಹೆಣ್ಣು ಅನ್ನುವುದಾದರೆ ಅದನ್ನು ಯಾಕೆ ಹೀಗೆ ಬಡಿಯುತ್ತೀಯ ಅಂತ. ಅವರ ಬ್ಯಾಂಡ್‌ನಲ್ಲಿ ಡ್ರಮ್ ನುಡಿಸುತ್ತಿದ್ದವರು ಅವರ ಮಗ ಡೆನಾರ್ಡೋ. ಇದು ಗೊತ್ತಾದ ಮೇಲೆ ನಾನು ಆ ಪದ್ಯವನ್ನು ಮತ್ತೆ ಎರಡು ಸಲ ಕೇಳಿದೆ.

ನನ್ನ ಅನುವಾದ ಇನ್ನೂ ಮುಗಿದಿಲ್ಲ. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ, ಆ ಗಟ್ಟಿ ದನಿಯನ್ನು ಎಲ್ಲಿಂದ ತರುವುದು? ದಪ್ಪಕ್ಷರ ಹಾಕಿ ನೋಡಿದೆ, ಕರಪತ್ರದ ಹಾಗೆ ಕಂಡಿತು, ತೆಗೆದೆ. ಸದ್ಯಕ್ಕೆ ಅಂಚಿನ ಸೂಚನೆಗಳನ್ನು ಬರೆಯುತ್ತಿದ್ದೇನೆ. 'ಟ್ಯಾಸಿಟ್' ಇದ್ದ ಕಡೆಯಲ್ಲೆಲ್ಲಾ 'ವಾದ್ಯ ನಿಲ್ಲಲಿ' ಅಂತ ಹಾಕಿದ್ದೇನೆ.