ಸ್ಟಿಯರಿಂಗ್ ಹಿಡಿದದ್ದು ಏಳೂವರೆ ಗಂಟೆ, ಡ್ಯೂಟಿ ಹದಿನಾಲ್ಕೂ ಮುಕ್ಕಾಲು

ಖಾಸಗಿ ಬಸ್ ಕಂಪನಿಯೊಂದರಲ್ಲಿ ಡ್ಯೂಟಿ ಚಾರ್ಟ್ ಹಾಕುವವನು ನಾನು. ಬೆಳಿಗ್ಗೆ 8.35ಕ್ಕೆ ಮುಲ್ಕಿಯಿಂದ ಕಂಡಕ್ಟರ್ ಫೋನ್. "ಸರ್, ಉಚ್ಚಿಲದಲ್ಲಿ ವಿಸಿಲ್ ಹಾಕಿದ್ರೂ ಡ್ರೈವರ್ ನಿಲ್ಲಿಸ್ಲಿಲ್ಲ. ಪಡುಬಿದ್ರಿಯಲ್ಲಿ ಸ್ಟಾಪ್ ದಾಟಿ ಹೋಗಿ ನಿಲ್ಲಿಸಿದ್ರು. ಅವರ ಕಣ್ಣು ಎಳೀತಾ ಉಂಟು." ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್, 7.42ರ ಸಿಂಗಲ್ (ಒಂದು ಕಡೆಯ ಟ್ರಿಪ್), ಬಸ್ ತುಂಬ ಕಾಲೇಜು ಮಕ್ಕಳು.

ಅಲ್ಲೇ ನಿಲ್ಲಿಸಿ, ಜನರನ್ನು ಹಿಂದಿನ ಬಸ್ಸಿಗೆ ಹತ್ತಿಸಿ ಎನ್ನಬೇಕಿತ್ತು. ಹಿಂದಿನ ಬಸ್ ಬೇರೆ ಕಂಪನಿಯದ್ದು, ಆರು ನಿಮಿಷದ ಅಂತರ. ನಿಲ್ಲಿಸಿದರೆ ಆ ಸಿಂಗಲ್‌ನ ಕಲೆಕ್ಷನ್ ಹೋಯಿತು, ಮುಂದಿನ ಟೈಮೂ ಹೋಯಿತು. ಅರ್ಧ ನಿಮಿಷ ಯೋಚಿಸಿ ಹೇಳಿದೆ: "ಸುರತ್ಕಲ್‌ವರೆಗೆ ತನ್ನಿ, ಅಲ್ಲಿಗೆ ಬದಲಿ ಡ್ರೈವರನ್ನು ಕಳಿಸ್ತೇನೆ." ಮುಕ್ಕದಲ್ಲಿ, ನಿಂತ ಲಾರಿಯೊಂದರ ಹಿಂದೆ, ಕೊನೇ ಗಳಿಗೆಯಲ್ಲಿ ಬ್ರೇಕ್ ಬಿತ್ತು. ಮುಂದೆ ನಿಂತಿದ್ದ ಹುಡುಗಿಯೊಬ್ಬಳ ಹಣೆ ಕಂಬಿಗೆ ಬಡಿದು ಮೂರು ಹೊಲಿಗೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಬಸ್ 50 ಮೀಟರ್ ಮುಂದೆ ಹೋಗಿರುತ್ತದೆ. ಆ ಲೆಕ್ಕ ನನಗೆ ಮೊದಲೇ ಗೊತ್ತಿತ್ತು.

ಹಿಂದಿನ ರಾತ್ರಿ ಮದುವೆ ಪಾರ್ಟಿಯ ಸ್ಪೆಷಲ್ ಟ್ರಿಪ್ ಮುಗಿಸಿ ಆ ಡ್ರೈವರ್ ಬಂದಾಗ 12.40. "ನಾನೇ ಹೋಗ್ತೇನೆ ಮಾರಾಯ್ರೆ, ಒಂದು ಟ್ರಿಪ್ ಅಲ್ವಾ" ಎಂದು ಆ ಸ್ಪೆಷಲ್ ಕೇಳಿ ತೆಗೆದುಕೊಂಡದ್ದು ಅವರೇ. ಕೆಲಸದ ಗಂಟೆ ಅವರವರ ಇಷ್ಟಕ್ಕೆ ಬಿಟ್ಟದ್ದು, ಸರ್ಕಾರಕ್ಕೆ ಅದರಲ್ಲೇನು ಎನ್ನುವವರು ಹಿಡಿಯುವುದು ಇದೇ ಮಾತನ್ನು. ಆದರೆ ಬತ್ತಾ (ಭತ್ಯೆ) ಇರುವುದು ಟ್ರಿಪ್ ಲೆಕ್ಕದಲ್ಲಿ. ಬೇಡ ಎಂದವನ ಜೇಬಿಗೇ ಕತ್ತರಿ. ಅದೂ ಅಲ್ಲದೆ, ನಿದ್ದೆಗೆಟ್ಟವನಿಗೆ ತಾನು ಎಷ್ಟು ದಣಿದಿದ್ದೇನೆ ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಅಂಥವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಬರೆದುಕೊಂಡದ್ದು ನನ್ನ ತಪ್ಪು.

ಸ್ಪೆಷಲ್ ಟ್ರಿಪ್ ಬಿಡಿ, ನಾನು ಹಾಕಿದ ದಿನದ ಚಾರ್ಟೇ ಸರಿ ಇರಲಿಲ್ಲ. 5.30ಕ್ಕೆ ರಿಪೋರ್ಟ್, ನೀರು, ಗಾಳಿ, ಟಯರ್ ನೋಡಿ 6.00ಕ್ಕೆ ಮೊದಲ ಸಿಂಗಲ್. ಒಂದೂವರೆ ಗಂಟೆಯ ಐದು ಸಿಂಗಲ್: ಬೆಳಿಗ್ಗೆ ಮೂರು, 10.54ರಿಂದ 4.00ರವರೆಗೆ ಸ್ಟ್ಯಾಂಡಿನಲ್ಲಿ ಬಿಡುವು, ಸಂಜೆ ಎರಡು. ಏಳೂವರೆ ಗಂಟೆ, ಕಾನೂನಿನ ಎಂಟು ಗಂಟೆಯ ಒಳಗೇ ಇದೆ ಎಂದುಕೊಂಡಿದ್ದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಗೆ ಎಣಿಸುತ್ತಿರಲಿಲ್ಲ. ಬಸ್ ಒಪ್ಪಿಸಿಕೊಳ್ಳುವುದು, ಹಣ ಕಟ್ಟುವುದು, ಶೀಟ್ ಕೊಡುವುದು ಎಲ್ಲ ಕೆಲಸದ ಹೊತ್ತೇ. ಟರ್ಮಿನಲ್‌ನಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾದದ್ದೂ ಕೆಲಸವೇ. ಸಿಂಗಲ್‌ಗಳ ನಡುವಿನ ಮೂರು ಹನ್ನೆರಡು ನಿಮಿಷಗಳು, ಬೆಳಗಿನ ಅರ್ಧ ಗಂಟೆ, 7.12ರಿಂದ 8.15ರವರೆಗಿನ ಡೀಸೆಲ್, ತೊಳೆಯುವುದು, ಕಲೆಕ್ಷನ್ ಸೇರಿಸಿದರೆ 9 ಗಂಟೆ 39 ನಿಮಿಷ. ಐದು ಗಂಟೆಯೊಳಗೆ ಅರ್ಧ ಗಂಟೆ ವಿರಾಮ ಕೊಡಬೇಕಿತ್ತು, 5.30ರಿಂದ 10.54ರ ನಡುವೆ ಅದೂ ಇಲ್ಲ. ದಿನದ ಮೊದಲಿನಿಂದ ಕೊನೆಯವರೆಗಿನ ಹರವು 12 ಗಂಟೆ ಮೀರಬಾರದಿತ್ತು, ನಮ್ಮದು 14.45. ಆ ಮಧ್ಯಾಹ್ನದ ಬಿಡುವನ್ನು ವಿಶ್ರಾಂತಿ ಎನ್ನುವವರು ಏಪ್ರಿಲ್‌ನಲ್ಲಿ ಕಾದ ಬಸ್ಸಿನ ಹಿಂದಿನ ಸೀಟಿನಲ್ಲಿ ಒಮ್ಮೆ ಮಲಗಿ ನೋಡಲಿ. ತಗಡು ಸುಡುತ್ತಿರುತ್ತದೆ, ರೆಕ್ಸಿನ್‌ಗೆ ಬೆನ್ನು ಅಂಟುತ್ತದೆ, ಪಕ್ಕದ ಬಸ್ಸಿನ ಹಾರ್ನ್ ಐದು ನಿಮಿಷಕ್ಕೊಮ್ಮೆ.

2020ರ ಕಾರ್ಮಿಕ ಸಂಹಿತೆಗಳಲ್ಲಿ ಒಂದು 2025ರ ನವೆಂಬರ್‌ನಿಂದ ಜಾರಿಗೆ ಬಂದು ಈ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ದಿನಕ್ಕೆ ಎಂಟು ಗಂಟೆ ಅಲ್ಲೂ ಉಳಿದಿದೆ, ಹೆಚ್ಚಿನ ಹೊತ್ತಿಗೆ ದುಪ್ಪಟ್ಟು ವೇತನವೂ ಉಳಿದಿದೆ.

ಪರಿಹಾರಕ್ಕೆ ಬಸ್ ನಿಲ್ಲಿಸಬೇಕಾಗಿಲ್ಲ, ಮನುಷ್ಯ ಇಳಿದರೆ ಸಾಕು. ನಮ್ಮ ಬಸ್ಸುಗಳೇ ಅರ್ಧ ಗಂಟೆಗೊಂದು ಇವೆ. 9.12ಕ್ಕೆ ಮಂಗಳೂರಿಗೆ ಬಂದ ಡ್ರೈವರ್ ಅದೇ ಬಸ್ಸಿನಲ್ಲಿ 9.24ಕ್ಕೆ ಹೊರಡುವ ಬದಲು ಇಳಿದು, ತಿಂಡಿ ತಿಂದು, ಹಿಂದಿನ ಬಸ್ಸನ್ನು 9.54ಕ್ಕೆ ಹಿಡಿಯುತ್ತಾನೆ. ಉಡುಪಿಯಲ್ಲಿ 11.24ಕ್ಕೆ ಇಳಿದು ಊಟ ಮಾಡಿ 12.06ರದ್ದು. 1.36ಕ್ಕೆ ಮಂಗಳೂರು, 2.00ಕ್ಕೆ ಹಣ ಕಟ್ಟಿ ಮನೆಗೆ. ನಾಲ್ಕು ಸಿಂಗಲ್, ಕೆಲಸ 7 ಗಂಟೆ 6 ನಿಮಿಷ, 42 ನಿಮಿಷದ ಎರಡು ವಿರಾಮ, ಹರವು ಎಂಟೂವರೆ ಗಂಟೆ. ಸಂಜೆಗೆ ಬೇರೆ ಜೋಡಿ. ಎರಡು ತುದಿಯಲ್ಲೂ ಒಂದೊಂದು ಜೋಡಿ ಡ್ರೈವರ್–ಕಂಡಕ್ಟರ್ ಹೆಚ್ಚು ಬೇಕು. ಒಂದು ಸಿಂಗಲ್‌ನ ಬತ್ತಾ ಕಡಿಮೆಯಾಗುವುದರಿಂದ ಅಷ್ಟನ್ನು ತಿಂಗಳ ಸಂಬಳಕ್ಕೆ ಸೇರಿಸಲೇಬೇಕು. ಇಲ್ಲದಿದ್ದರೆ ಅವರೇ ಮತ್ತೆ ಮದುವೆ ಟ್ರಿಪ್ ಹುಡುಕುತ್ತಾರೆ.

ಧಣಿಗಳ ಉತ್ತರ ಒಂದೇ: "ನಾವು ಮಾತ್ರ ಮಾಡಿದ್ರೆ ಲೈನ್‌ನಲ್ಲಿ ಉಳಿಯುದು ಹೇಗೆ?" ಆ ಮಾತಿನಲ್ಲಿ ಹುರುಳಿದೆ. ಆರು ನಿಮಿಷ ಹಿಂದೆ ಬರುವ ಬಸ್ಸಿನ ಡ್ರೈವರ್ ಹದಿನಾಲ್ಕು ಗಂಟೆ ದುಡಿಯುತ್ತಿರುವಾಗ ಜೋಡಿ ಹೆಚ್ಚಿಸಿದವನ ಖರ್ಚು ಮಾತ್ರ ಏರುತ್ತದೆ. ಹಾಗಾಗಿಯೇ ಇದನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಡಲಾಗುವುದಿಲ್ಲ, ಇಡೀ ಲೈನಿನ ಎಲ್ಲ ಬಸ್ಸುಗಳಿಗೂ ಒಂದೇ ದಿನ ಜಾರಿಗೆ ತರಬೇಕು. ಬಸ್ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡಬೇಕೆಂದು ಪರ್ಮಿಟ್ಟಿನ ಟೈಂ ಶೀಟಿನಲ್ಲಿ ಬರೆಯುವ ಆರ್‌ಟಿಎ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ) ಕೈಯಲ್ಲಿ ಆ ಅಧಿಕಾರ ಇದೆ. ಜಿಪಿಎಸ್ ಬಸ್ ಎಲ್ಲಿದೆ ಎಂದು ತೋರಿಸುತ್ತದೆ, ಸೀಟಿನಲ್ಲಿ ಕೂತವನು ಎಷ್ಟು ಹೊತ್ತಿನಿಂದ ಕೂತಿದ್ದಾನೆ ಎಂದು ತೋರಿಸುವುದಿಲ್ಲ. ಅದೇ ಟೈಂ ಶೀಟಿನಲ್ಲಿ ಪ್ರತಿ ಸಿಂಗಲ್‌ನ ಎದುರು ಇನ್ನೊಂದು ಕಾಲಂ ಬೇಕು: ಡ್ರೈವರ್ ಎಲ್ಲಿ ಇಳಿಯುತ್ತಾನೆ, ಯಾವ ಬಸ್ಸಿಗೆ ಹತ್ತುತ್ತಾನೆ.