ಫ್ರಿಜ್ ಮೇಲಿದ್ದ 1,200

ನಾಲ್ಕು ವರ್ಷದ ಹಿಂದೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಡಯಟ್ ಚಾರ್ಟ್ ಅಂಟಿಸಿದ್ದೆ. ದಿನಕ್ಕೆ 1,200 ಕ್ಯಾಲರಿ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಸೂಪು. ಕುಚ್ಚಲಕ್ಕಿ ಅನ್ನ ಪೂರ್ತಿ ಬಂದ್. ಐದು ತಿಂಗಳಲ್ಲಿ 11 ಕಿಲೋ ಇಳಿದೆ. ಆಫೀಸಿನಲ್ಲಿ ಎಲ್ಲರೂ ಹೊಗಳಿದರು. ಮುಂದಿನ ಒಂದೂವರೆ ವರ್ಷದಲ್ಲಿ 13 ಕಿಲೋ ವಾಪಸ್ ಬಂತು.

ಆಗ ಇಡೀ ದಿನ ತಲೆಯಲ್ಲಿ ಊಟದ್ದೇ ಯೋಚನೆ. ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಡೊಂಬಿವಲಿ ತನಕ ಲೋಕಲ್ ರೈಲಿನಲ್ಲಿ ಅಡುಗೆ ವಿಡಿಯೋ ನೋಡುತ್ತಿದ್ದೆ. ನೀರ್ ದೋಸೆ, ಕೋರಿ ರೊಟ್ಟಿ, ಹಲಸಿನ ಹಣ್ಣಿನ ಕಡುಬು. ಮಾಡಲಿಕ್ಕಲ್ಲ, ಸುಮ್ನೆ ನೋಡಲಿಕ್ಕೆ. ಒಂದು ರಾತ್ರಿ ಲೈಟ್ ಹಾಕದೆ ಅಡುಗೆಮನೆಯಲ್ಲಿ ನಿಂತು ಮಗನ ಬಿಸ್ಕತ್ ಪ್ಯಾಕೆಟ್ ಪೂರ್ತಿ ತಿಂದೆ. ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ಅಲ್ಲೇ ಕೂತು ಅತ್ತೆ.

ಆಮೇಲೆ ಅಮೆರಿಕದ ಮಿನ್ನೆಸೋಟಾದಲ್ಲಿ ನಡೆದ ಹಸಿವಿನ ಪ್ರಯೋಗದ ಬಗ್ಗೆ ಓದಿದೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗಿಯೇ ಒಪ್ಪಿ ಬಂದವರು. ದಿನಕ್ಕೆ ಸುಮಾರು 1,570 ಕ್ಯಾಲರಿ. ಅವರು ಸಿಡುಕರಾದರು, ಮಂಕಾದರು, ತಟ್ಟೆ ನೆಕ್ಕಿದರು. ಕೆಲವರು ಅಡುಗೆ ಪುಸ್ತಕ ಕೂಡಿಟ್ಟು ಓದುತ್ತಾ ಕೂತರು. ಊಟ ಮತ್ತೆ ಸಿಕ್ಕಾಗ ಹೊಟ್ಟೆ ಬಿರಿಯುವಷ್ಟು ತಿಂದರೂ ಕೆಲವರಿಗೆ ಹಸಿವು ಹೋಗಲಿಲ್ಲ.

ಅಡುಗೆ ಪುಸ್ತಕ! ನಾನು ಅಲ್ಲಿಗೇ ನಿಲ್ಲಿಸಿ ಆ ಸಾಲನ್ನು ಮತ್ತೆ ಓದಿದೆ. ಆ ಗಂಡಸರ ಮೈಗೆ ನನಗಿಂತ ಜಾಸ್ತಿ ಊಟ ಬೇಕು, ಸರಿ. ಆದರೆ ಅವರಲ್ಲಿ ಯಾರನ್ನೂ ಮನಸ್ಸು ಗಟ್ಟಿ ಇಲ್ಲದವರು ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾದರೆ ನನ್ನನ್ನು ನಾನೇ ಯಾಕೆ ಹಾಗೆ ಬೈದುಕೊಂಡೆ?

2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಆಸ್ಟ್ರೇಲಿಯಾದ ಸಂಶೋಧಕರು 50 ಜನರಿಗೆ ಹತ್ತು ವಾರ ಕಟ್ಟುನಿಟ್ಟಿನ ಡಯಟ್ ಮಾಡಿಸಿದ್ದರು. ಒಂದು ವರ್ಷ ಕಳೆದ ಮೇಲೂ ಅವರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚೇ ಇತ್ತು, ಮೈಯಲ್ಲಿ ಕೊಬ್ಬು ಸಾಕಷ್ಟಿದೆ ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಹಾರ್ಮೋನು ಕಡಿಮೆಯೇ ಇತ್ತು. ಟೀವಿಯಲ್ಲಿ ತೂಕ ಇಳಿಸುವ ಸ್ಪರ್ಧೆಗೆ ಇಳಿದಿದ್ದ 14 ಜನರನ್ನು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಆರು ವರ್ಷದ ನಂತರ ಪರೀಕ್ಷಿಸಿದರು. 2016ರಲ್ಲಿ ಅದು ಪ್ರಕಟವಾಯಿತು. ಸುಮ್ಮನೆ ಕೂತಾಗ ಅವರ ಮೈ ಖರ್ಚು ಮಾಡುತ್ತಿದ್ದುದು ಅವರ ಮೈಕಟ್ಟು, ವಯಸ್ಸಿಗೆ ಇರಬೇಕಾದ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ. ಮೈಗೆ ಡಯಟ್ ಯಾವುದು, ಬರಗಾಲ ಯಾವುದು ಗೊತ್ತಾಗುವುದಿಲ್ಲ. ಅದು ನಮ್ಮನ್ನು ಉಳಿಸಿಕೊಳ್ಳಲು ನೋಡುತ್ತದೆ, ಅಷ್ಟೇ.

ಚಾರ್ಟ್ ಕಿತ್ತು ಹಾಕಿದೆ. ಆದರೆ ಹಸಿವು ಯಾವುದು ಅನ್ನುವುದೇ ನನಗೆ ಮರೆತುಹೋಗಿತ್ತು. ಸಂಜೆ ಐದೂವರೆಗೆ ತಲೆನೋವು ಬರುತ್ತಿತ್ತು, ಎಲ್ಲರ ಮೇಲೆ ರೇಗುತ್ತಿದ್ದೆ. ಅದು ಹಸಿವು ಅಂತ ತಿಳಿಯಲು ತಿಂಗಳುಗಳೇ ಬೇಕಾದವು. "ಹೊಟ್ಟೆ ಕೇಳಿದಾಗ ಕೊಡು ಮಾರಾಯ್ತಿ, ಅದರ ಹತ್ತಿರ ಎಂಥ ಜಗಳ?" ಅಂದರು ನಮ್ಮತ್ತೆ. ಅವರಿಗೆ ಸಕ್ಕರೆ ಕಾಯಿಲೆ, ಅವರ ಊಟ ಮಾತ್ರೆಯ ಹೊತ್ತಿಗೇ ಆಗಬೇಕು, ಅದು ಬೇರೆ ವಿಷಯ. ನಾನು ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಒಯ್ಯಲು ಶುರು ಮಾಡಿದೆ. ಐದೂವರೆಗೆ ಮೇಜಿನ ಹತ್ತಿರವೇ ಕೂತು ತಿನ್ನುತ್ತೇನೆ. ರಾತ್ರಿ ಅನ್ನ, ಬಂಗುಡೆ ಸಾರು. ಸಾಕು ಅನಿಸಿದಾಗ ಏಳುತ್ತೇನೆ. ಕೆಲವು ದಿನ ಜಾಸ್ತಿಯೇ ತಿನ್ನುತ್ತೇನೆ, ಮರುದಿನ ಉಪವಾಸ ಮಾಡುವುದಿಲ್ಲ.

ತೂಕ ಇಳಿದಿಲ್ಲ. ಎರಡು ವರ್ಷದಿಂದ ಹೆಚ್ಚೂ ಆಗಿಲ್ಲ.

ಹೋದ ವಾರ ಲೋಕಲ್‌ನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಠಾಣೆ ದಾಟಿತು, ಮುಂಬ್ರಾದ ಗುಡ್ಡ ಬಂತು. ಡೊಂಬಿವಲಿಯಲ್ಲಿ ಇಳಿದು ವಡಾಪಾವ್ ಕರಿಯುವ ವಾಸನೆ ಬಂದಾಗ ಗೊತ್ತಾಯಿತು: ದಾರಿಯುದ್ದಕ್ಕೂ ನನಗೆ ಊಟದ ನೆನಪೇ ಬಂದಿರಲಿಲ್ಲ.