ಸ್ಟೆಪ್ನಿ ಕೂರದ ಹಿಂದಿನ ಚಕ್ರ

ಕಳೆದ ವರ್ಷ ಆಟಿ ತಿಂಗಳ ಒಂದು ಭಾನುವಾರ, ಅಡಿಕೆ ತೋಟದ ಮದ್ದಿಗೆ ಬೇಕಾದ ಮೈಲುತುತ್ತು ಮತ್ತು ಸುಣ್ಣದ ಚೀಲಗಳನ್ನು ಹೇರಿಕೊಂಡು ಪೆರ್ಲದಿಂದ ಕಾಟುಕುಕ್ಕೆಯ ಕಡೆಗೆ ಹೊರಟಿದ್ದಾಗ, ದೊಡ್ಡಪ್ಪನ ಹಳೆಯ ಜೀಪಿನ ಎಡಬದಿಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮಳೆ ಬಿಟ್ಟಿರಲಿಲ್ಲ. ಚಕ್ರದ ಅಡಿಗೆ ಕಲ್ಲು ಕೊಟ್ಟು, ಜಾಕಿ ಏರಿಸಿ, ನಟ್ಟು ಬಿಚ್ಚಿ ಚಕ್ರವನ್ನು ಹೊರಗೆ ತೆಗೆಯುವವರೆಗೆ ಎಲ್ಲವೂ ಸುಲಭವಾಗಿತ್ತು. ಆಮೇಲೆ ಸ್ಟೆಪ್ನಿಯನ್ನು ಎತ್ತಿ ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ಬೋಲ್ಟುಗಳಿರುವ ನಡುಭಾಗಕ್ಕೆ, ಹಿಡಿದೆವು. ಅದು ಕೂರಲಿಲ್ಲ. ರಿಮ್ಮನ್ನು ಸ್ವಲ್ಪ ತಿರುಗಿಸಿ ನೋಡಿದಾಗ ಹಬ್ಬಿನ ಐದೂ ಬೋಲ್ಟುಗಳ ತುದಿ ರಿಮ್ಮಿನ ಐದು ತೂತುಗಳಲ್ಲಿ ಒಂದಕ್ಕೂ ಎದುರಾಗದೆ, ನಡುವಿನ ದೊಡ್ಡ ತೂತಿನ ಅಂಚಿನ ಮೇಲೆ ಬಂದು ನಿಂತದ್ದು ಕಾಣಿಸಿತು.

"ಇದು ಇದರದ್ದಲ್ಲ ಮಾರಾಯ," ಎಂದರು ದೊಡ್ಡಪ್ಪ.

ಎರಡು ವರ್ಷದ ಹಿಂದೆ ಜೀಪಿನ ಹಿಂದಿನ ಹೌಸಿಂಗ್, ಅಂದರೆ ಆಕ್ಸಲಿನ ಹೊರಕವಚ, ಒಡೆದಿತ್ತು. ಆಗ ಒಂದು ಗ್ಯಾರೇಜಿನವರು ಗುಜರಿಯಿಂದ ಬೇರೆ ಯಾವುದೋ ವಾಹನದ ಆಕ್ಸಲನ್ನು ಅದರ ಎರಡು ಚಕ್ರಗಳ ಸಮೇತ ತಂದು ಕೂರಿಸಿ ಕೊಟ್ಟಿದ್ದರು. ಬೋಲ್ಟಿನ ಸಂಖ್ಯೆ ಹಿಂದೆಯೂ ಐದು, ಮುಂದೆಯೂ ಐದು ಇದ್ದುದರಿಂದ ನಮಗೆ ಯಾರಿಗೂ ಸಂಶಯ ಬಂದಿರಲಿಲ್ಲ. ಸ್ಟೆಪ್ನಿ ಮಾತ್ರ ಹಳೆಯದೇ ಉಳಿದಿತ್ತು. ಎಂದರೆ, ಎರಡು ವರ್ಷವೂ ನಾವು ಹಿಂದಿನ ಎರಡು ಚಕ್ರಗಳಿಗೆ ಸ್ಟೆಪ್ನಿಯೇ ಇಲ್ಲದೆ ಈ ಏರು ತಗ್ಗಿನ ರಸ್ತೆಗಳಲ್ಲಿ ಭಾರ ಹೊತ್ತು ಓಡಾಡಿದ್ದೆವು. ಆ ದಿನ ಚಕ್ರವನ್ನು ದಾರಿಯಲ್ಲಿ ಬಂದ ಒಂದು ಪಿಕಪ್‌ನಲ್ಲಿ ಪೆರ್ಲಕ್ಕೆ ಕಳುಹಿಸಿ, ಪಂಕ್ಚರ್ ಹಾಕಿಸಿ ತರಿಸುವಾಗ ಸಂಜೆಯಾಯಿತು.

ಮರುದಿನ ಬದಿಯಡ್ಕದ ಲೇತಿನ ಮೇಸ್ತ್ರಿಯ ಬಳಿಗೆ ಹೋದೆವು. ಅವರು ಅನುಭವಸ್ಥರು. ಮುಂದಿನ ಹಬ್ಬನ್ನು ನೋಡಿದ ಕೂಡಲೇ "ಇದು ಜೀಪಿನ ಐದೂವರೆ ಇಂಚು, ಅಳೆಯಬೇಕಾಗಿಲ್ಲ ಮಾಷ್ಟ್ರೇ" ಎಂದರು. ಅದು ಸರಿಯೇ. ವಿಲ್ಲಿಸ್ ಜೀಪಿನ ಕಾಲದಿಂದಲೂ ಐದು ಬೋಲ್ಟುಗಳ ನಡುಬಿಂದುಗಳ ಮೂಲಕ ಎಳೆದ ವೃತ್ತದ ವ್ಯಾಸ ಐದೂವರೆ ಇಂಚು, ಅಂದರೆ 139.7 ಮಿಲಿಮೀಟರ್. ಹಿಂದಿನದನ್ನು ಮಾತ್ರ ಅವರು ಅಳೆದರು. ಒಂದು ಬೋಲ್ಟಿನಿಂದ, ನಡುವೆ ಒಂದನ್ನು ಬಿಟ್ಟು, ಅದರಾಚೆಯ ಬೋಲ್ಟಿಗೆ ಟೇಪು ಹಿಡಿದಾಗ 109 ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಬಂತು. ಕೆಲವು ಕಾರುಗಳಲ್ಲಿ 108ರ ಅಳತೆ ಇರುವುದು ಅವರಿಗೆ ಗೊತ್ತಿತ್ತು, ಹಾಗಾಗಿ ಇದೂ ಅದೇ ಎಂದು ತೀರ್ಮಾನವಾಯಿತು. ಒಳಗಿನ ತೂತುಗಳು 108ಕ್ಕೆ, ಹೊರಗಿನ ಬೋಲ್ಟುಗಳು 139.7ಕ್ಕೆ ಇರುವ ಎರಡು ಅಡಾಪ್ಟರ್ ಪ್ಲೇಟುಗಳನ್ನು ಮಾಡಿಸಿದೆವು. ಒಂದು ವಾರ ಬಿಟ್ಟು ಪ್ಲೇಟನ್ನು ಹಬ್ಬಿಗೆ ಹಿಡಿದಾಗ ಒಂದು ಬೋಲ್ಟು ಒಳಗೆ ಹೋಯಿತು, ಉಳಿದವು ಹೋಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸುವವನು. ಆ ರಾತ್ರಿ ಕಾಗದದ ಮೇಲೆ ವೃತ್ತವೊಂದನ್ನು ಎಳೆದು ಅದರಲ್ಲಿ ಐದು ಬಿಂದುಗಳನ್ನು ಸಮದೂರದಲ್ಲಿ ಇಟ್ಟಾಗ ತಪ್ಪು ಎಲ್ಲಿದೆಯೆಂದು ಕಂಡಿತು. ನಾಲ್ಕು ಅಥವಾ ಆರು ಬೋಲ್ಟಿನ ಹಬ್ಬಿನಲ್ಲಿ ಪ್ರತಿಯೊಂದು ಬೋಲ್ಟಿಗೂ ನೇರ ಎದುರಿನಲ್ಲಿ ಇನ್ನೊಂದು ಬೋಲ್ಟು ಇರುವುದರಿಂದ ಅವೆರಡರ ನಡುವಿನ ಅಂತರವೇ ವ್ಯಾಸವಾಗುತ್ತದೆ, ಆದರೆ ಐದು ಬೋಲ್ಟಿನಲ್ಲಿ ಯಾವುದಕ್ಕೂ ಎದುರು ಜೋಡಿ ಇಲ್ಲ. ಒಂದನ್ನು ಬಿಟ್ಟು ಅಳೆದರೆ ಸಿಗುವುದು ವ್ಯಾಸವಲ್ಲ, ಅದಕ್ಕಿಂತ ಸುಮಾರು ನೂರಕ್ಕೆ ಐದರಷ್ಟು ಚಿಕ್ಕದಾದ ಒಂದು ಜ್ಯಾ. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಬಿಂದುಗಳ ಅಂತರವನ್ನು ಅಳೆದು ಅದನ್ನು 1.701ರಿಂದ ಗುಣಿಸುವುದು ನಂಬಬಹುದಾದ ದಾರಿ. ಬೆಳಿಗ್ಗೆ ವರ್ನಿಯರ್ ಹಿಡಿದು ನೋಡಿದಾಗ ಮುಂದಿನ ಹಬ್ಬಿನಲ್ಲಿ 82.1, ಹಿಂದಿನದರಲ್ಲಿ 67.2 ಬಂತು. ಹಿಂದಿನ ವೃತ್ತ 108 ಅಲ್ಲ, 114.3. ಎಂದರೆ ನಾಲ್ಕೂವರೆ ಇಂಚು.

ಈ ಎರಡು ಅಂಕಿಗಳು ಒಂದೇ ಗಾಡಿಯಲ್ಲಿ ಸೇರುವುದು ಹೊಸ ಸಂಗತಿಯಲ್ಲ ಎಂಬುದನ್ನು ಆ ವಾರ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಹಳೆಯ ಕಾರಿಗೆ ಬೇರೆ ಎಂಜಿನ್, ಬೇರೆ ಆಕ್ಸಲ್ ಹಾಕಿ ಹಾಟ್ ರಾಡ್ ಕಟ್ಟುವವರಿಗೆ ಇದು ಬಹಳ ಹಳೆಯ ತಲೆನೋವು. 1932ರ ಫೋರ್ಡಿನ ಚಕ್ರ ಐದೂವರೆ ಇಂಚಿನದು, 1949ರಿಂದ ಫೋರ್ಡ್ ಕಾರುಗಳಿಗೆ ನಾಲ್ಕೂವರೆ ಇಂಚು ಬಂತು. ಹಾಗಾಗಿ ಮುಂದೆ ಹಳೆಯ ಆಕ್ಸಲನ್ನು ಉಳಿಸಿ ಹಿಂದೆ ಆಮೇಲಿನ ಕಾಲದ ಆಕ್ಸಲನ್ನು ಹಾಕಿದವರ ಮುಂದೆ ಮೂರೇ ದಾರಿಗಳು: ಹಬ್ಬಿಗೂ ಡ್ರಮ್ಮಿಗೂ ಹೊಸ ತೂತು ಕೊರೆಯುವುದು, ಅಡಾಪ್ಟರ್ ಹಾಕುವುದು, ಇಲ್ಲವೇ ಆಕ್ಸಲನ್ನೇ ಬದಲಿಸುವುದು.

ಮೊದಲನೆಯ ದಾರಿ ನಮಗೆ ಎರಡೂ ಕಡೆಯಿಂದ ಮುಚ್ಚಿತ್ತು. ಹಿಂದಿನ ಆಕ್ಸಲಿನ ಫ್ಲ್ಯಾಂಜ್, ಅಂದರೆ ಬೋಲ್ಟುಗಳು ಕೂರುವ ತುದಿಯ ತಟ್ಟೆ, ಅಂಚಿನಿಂದ ಅಂಚಿಗೆ 150 ಮಿಲಿಮೀಟರ್ ಕೂಡ ಇರಲಿಲ್ಲ. 139.7ರ ವೃತ್ತದಲ್ಲಿ ಅರ್ಧ ಇಂಚಿನ ಬೋಲ್ಟಿಗೆ ತೂತು ಕೊರೆದರೆ ಅದು ಅಂಚನ್ನು ಒಡೆದುಕೊಂಡು ಹೊರಗೆ ಬರುತ್ತಿತ್ತು. ಇನ್ನು ಮುಂದಿನ ಹಬ್ಬನ್ನು 114.3ಕ್ಕೆ ಇಳಿಸೋಣವೆಂದರೆ, ಜೀಪಿನ ಮುಂದಿನ ಹಬ್ಬಿನ ನಡುಭಾಗವೇ ದಪ್ಪ. ನಾಲ್ಕೂವರೆ ಇಂಚಿನ ರಿಮ್ಮಿನ ಸಣ್ಣ ನಡುತೂತಿನಲ್ಲಿ ಅದು ತೂರುವುದೇ ಇಲ್ಲ.

ಸರಿಯಾದ ಅಳತೆಯಲ್ಲಿ ಹೊಸ ಅಡಾಪ್ಟರ್ ಮಾಡಿಕೊಡುತ್ತೇನೆಂದು ಮೇಸ್ತ್ರಿ ಬಹಳ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಅಂಥ ಪ್ಲೇಟು ಕಡಿಮೆಯೆಂದರೆ ಒಂದು ಇಂಚು ದಪ್ಪ ಇರಬೇಕಾಗುತ್ತದೆ. ಚಕ್ರ ಅಷ್ಟು ಹೊರಗೆ ಸರಿಯುತ್ತದೆ, ಬೇರಿಂಗಿನ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ, ಕಣ್ಣಿಗೆ ಕಾಣದ ಇನ್ನೂ ಐದು ನಟ್ಟುಗಳು ಚಕ್ರದ ಒಳಗೆ ಉಳಿಯುತ್ತವೆ. ಚೀಲ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಇಳಿಯುವ ಗಾಡಿಗೆ, ಅದರಲ್ಲೂ ಮನೆಯ ಮಕ್ಕಳು ಹಿಂದೆ ಕುಳಿತುಕೊಳ್ಳುವ ಗಾಡಿಗೆ, ಅದು ಬೇಡವೆಂದು ಹೇಳಿದೆ. ಕಂಪನಿ ಕೊಟ್ಟ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಡೆಯುತ್ತದೆ ಎಂಬುದೂ ಮನಸ್ಸಿನಲ್ಲಿತ್ತು. ಜೀಪಿಗೆ ಜೀಪಿನದೇ ಆಕ್ಸಲನ್ನು ಹುಡುಕುವುದೆಂದು ದೊಡ್ಡಪ್ಪನೂ ಒಪ್ಪಿದರು.

ಅದು ಸಿಗುವಾಗ ನವರಾತ್ರಿ ಕಳೆದಿತ್ತು. ಮಂಗಳೂರಿನ ಒಂದು ಗುಜರಿಯಲ್ಲಿ ಕೆಸರು ಮೆತ್ತಿದ ಒಂದು ಹಿಂದಿನ ಹೌಸಿಂಗ್ ಬಿದ್ದಿತ್ತು. ಮೊದಲು ವರ್ನಿಯರ್ ಹಿಡಿದೆ, 82.1. ಆದರೆ ಬೋಲ್ಟು ಹೊಂದಿದರೆ ಸಾಲದು. ಆಕ್ಸಲಿನ ಒಳಗೆ ಚಕ್ರಗಳನ್ನು ತಿರುಗಿಸುವ ದೊಡ್ಡ ಮತ್ತು ಸಣ್ಣ ಹಲ್ಲುಚಕ್ರಗಳ, ಅಂದರೆ ಕ್ರೌನ್ ಪಿನಿಯನ್ನಿನ, ಲೆಕ್ಕ ಮುಂದೆಯೂ ಹಿಂದೆಯೂ ಒಂದೇ ಇಲ್ಲದಿದ್ದರೆ ಫೋರ್ ವೀಲ್ ಗೇರು ಹಾಕಿದಾಗ ಮುಂದಿನ ಚಕ್ರಗಳೂ ಹಿಂದಿನ ಚಕ್ರಗಳೂ ಒಂದಕ್ಕೊಂದು ವಿರುದ್ಧವಾಗಿ ಜಗ್ಗಾಡುತ್ತವೆ. ಹಳೆಯ ಗ್ಯಾರೇಜಿನವರು ಆ ಗೇರನ್ನು ಮುಟ್ಟಬೇಡಿ ಎಂದದ್ದು ಯಾಕೆಂದು ಆಗ ಅರ್ಥವಾಯಿತು. ಪಿನಿಯನ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ನಾನೊಂದು ಬದಿ, ದೊಡ್ಡಪ್ಪನೊಂದು ಬದಿ ಹಿಡಿದು ಎರಡೂ ಹಬ್ಬುಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದೆವು. ಗುರುತು ಐದು ಸುತ್ತು ಮುಗಿಸಿ ಮತ್ತೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ತಿರುಗಿ ನಿಂತಿತು. 43 ಹಲ್ಲಿಗೆ 8 ಹಲ್ಲು, ನಮ್ಮ ಮುಂದಿನ ಆಕ್ಸಲಿನ ಲೆಕ್ಕವೂ ಅದೇ.

ಬದಿಯಡ್ಕದಲ್ಲಿ ಅದನ್ನು ಕೂರಿಸಿದ ದಿನ ಮೇಸ್ತ್ರಿಯ ಹುಡುಗ ಎಡಬದಿಯ ನಟ್ಟನ್ನು ಬಲಕ್ಕೆ ತಿರುಗಿಸಲು ಹೊರಟಾಗ ದೊಡ್ಡಪ್ಪ ಅವನ ಕೈ ಹಿಡಿದು ನಿಲ್ಲಿಸಿದರು. ಬೋಲ್ಟಿನ ತುದಿಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಕೆತ್ತಿದ್ದ 'ಎಲ್' ಅಕ್ಷರವನ್ನು ತೋರಿಸಿದರು. ಎಡಬದಿಯ ಚಕ್ರಗಳಿಗೆ ಎಡಮರೆ, ಅಂದರೆ ನಟ್ಟು ಬಿಗಿಯುವುದು ಎಡಕ್ಕೆ ತಿರುಗಿಸಿದಾಗ. ಆಮೇಲೆ ಬೇರೆ ಚಕ್ರಗಳನ್ನು ಮುಟ್ಟದೆ ಸ್ಟೆಪ್ನಿಯನ್ನೇ ತರಿಸಿ, ತಾವೇ ಎತ್ತಿ ಹಿಂದಿನ ಎಡಹಬ್ಬಿಗೆ ಹಿಡಿದರು. ಐದೂ ಬೋಲ್ಟುಗಳು ಒಟ್ಟಿಗೆ ಹೊರಗೆ ಬಂದವು. ಒಂದು ಬಿಟ್ಟು ಒಂದರಂತೆ ನಟ್ಟುಗಳನ್ನು ಎಡಕ್ಕೆ ತಿರುಗಿಸಿ ಬಿಗಿದು, ಸ್ಪ್ಯಾನರ್ ಕೆಳಗಿಟ್ಟು, "ಇನ್ನು ಕಾಟುಕುಕ್ಕೆಗೆ ಹೋಗುವ" ಎಂದರು.